ಮಗನಿಗೆ ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ ಕೈಗೆ 30 ಸಾವಿರ ಬರುತ್ತದೆಯೇ?

ಇಲ್ಲ ಸರ್, ಬರುವುದಿಲ್ಲ. ತಿಂಗಳ ಮೂಲವೇತನ 15,000 ಎಂದಿಟ್ಟುಕೊಳ್ಳಿ. 30,000ದಲ್ಲಿ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) 1,800, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ (ಮೂಲವೇತನದ 4.81%) ಸುಮಾರು 721 ಮೊದಲೇ ಸೇರಿರುತ್ತವೆ. ಉಳಿದ 27,479ರಲ್ಲಿ ಮಗನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ 25,479. ಪ್ಯಾಕೇಜ್‌ನಲ್ಲಿ 10% ವೇರಿಯಬಲ್ (ಕೆಲಸದ ಸಾಧನೆ ನೋಡಿ ಆಮೇಲೆ ಕೊಡುವ ಭಾಗ) ಇದ್ದರೆ ಇನ್ನೂ 3,000 ಖೋತಾ. ಆಗ ಸಂಬಳ 25,000ಕ್ಕಿಂತ ಕೆಳಗಿಳಿಯುವುದರಿಂದ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಇರುವುದಿಲ್ಲ, ಅಷ್ಟೇ ಸಮಾಧಾನ.

ಎಂಜಿನಿಯರಿಂಗ್‌ನಲ್ಲಿ ಮೆಕ್ಯಾನಿಕಲ್ಲೋ ಕಂಪ್ಯೂಟರ್ ಸೈನ್ಸೋ (ಸಿಎಸ್) ಎಂದು ಕೇಳಿದ್ದೀರಿ. ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಐಟಿ ಕಂಪನಿಗಳು ಸಾಮಾನ್ಯವಾಗಿ ಎಲ್ಲ ಬ್ರಾಂಚಿಗೂ ಒಂದೇ ಪ್ಯಾಕೇಜ್ ಕೊಡುತ್ತವೆ. ವ್ಯತ್ಯಾಸ ಬೀಳುವುದು ಪ್ರಾಡಕ್ಟ್ ಕಂಪನಿಗಳಲ್ಲಿ, ಅಂದರೆ ತಮ್ಮದೇ ಸಾಫ್ಟ್‌ವೇರ್ ತಯಾರಿಸಿ ಮಾರುವ ಕಂಪನಿಗಳಲ್ಲಿ. ಅಲ್ಲಿ ಸಿಎಸ್ ಹುಡುಗರಿಗೇ ಅವಕಾಶ ಜಾಸ್ತಿ. ಇನ್ನು ಎಂಜಿನಿಯರಿಂಗ್ ಬಿಟ್ಟು ಬಿಕಾಂ ಒಂದನ್ನೇ ನೆಚ್ಚಿದರೆ ಆರಂಭದ ಸಂಬಳ ಕಡಿಮೆ, ಜೊತೆಗೆ ಸಿಎ ಪಾಸಾದರೆ ಲೆಕ್ಕವೇ ಬೇರೆ.

ಕಾಲೇಜಿನವರು ಹೇಳುವ ‘ಸರಾಸರಿ’ಯನ್ನು ನಂಬಬೇಡಿ. ಒಂಬತ್ತು ಮಂದಿಗೆ 3.6 ಲಕ್ಷ, ಒಬ್ಬನಿಗೆ 40 ಲಕ್ಷ ಸಿಕ್ಕರೂ ಸರಾಸರಿ 7.24 ಲಕ್ಷ! ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಕಾಲೇಜು ಸಲ್ಲಿಸಿದ ವರದಿಯಲ್ಲಿ ಮೀಡಿಯನ್ ಸಂಬಳ, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ಬರುವವನ ಸಂಬಳ, ನೋಡಿ. ಅದರಲ್ಲಿ ಬ್ರಾಂಚ್‌ವಾರು ವಿವರ ಇರುವುದಿಲ್ಲ, ಅದನ್ನು ಪ್ಲೇಸ್‌ಮೆಂಟ್ ಸೆಲ್‌ನಲ್ಲೇ ಕೇಳಿ ಪಡೆಯಿರಿ. ಕೆಲಸ ಸಿಕ್ಕವರೆಷ್ಟು, ಒಟ್ಟು ಓದಿದವರೆಷ್ಟು ಎಂಬುದನ್ನೂ ಕೇಳಿ.