ಹೆಸರು ಆಮೇಲೆ, ಮೊದಲು ಆ ಹೊಸಹಳ್ಳಿ ಹುಡುಕಿ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ದೊಡ್ಡಪ್ಪನವರ ಟ್ರಂಕಿನಲ್ಲಿ ಒಂದು ಹಳೆಯ ಛಾಪಾಕಾಗದ ಸಿಕ್ಕಿದೆ. ಬರಹ ಪೂರ್ತಿ ಓದಲು ಆಗುತ್ತಿಲ್ಲ. ಫಸಲಿ 1302, ಬಳ್ಳಾರಿ ಜಿಲ್ಲೆ, ಮಜರೆ ಹೊಸಹಳ್ಳಿ, ಇಷ್ಟು ಮಾತ್ರ ತಿಳಿಯುತ್ತದೆ. ಇದು ಏಳುನೂರು ವರ್ಷದ ಹಿಂದಿನದು, ನಮ್ಮದು ಪಾಳೇಗಾರರ ವಂಶ ಎಂದು ದೊಡ್ಡಪ್ಪ ಹೇಳುತ್ತಾರೆ. ಅಜ್ಜಿ ಮಾತ್ರ ಧಾತು ವರ್ಷದ ಬರದಲ್ಲಿ ಊರು ಬಿಟ್ಟು ಬಂದವರು ಅನ್ನುತ್ತಿದ್ದರು. ಮುತ್ತಜ್ಜನ ಹೆಸರಿಗಿಂತ ಹಿಂದಕ್ಕೆ ನಮಗೇನೂ ಗೊತ್ತಿಲ್ಲ. ದುಡ್ಡು ಕೊಟ್ಟರೆ ವಂಶವೃಕ್ಷ ಬರೆದುಕೊಡುವವರಿದ್ದಾರಂತೆ, ಅವರ ಹತ್ತಿರ ಹೋಗಲೇ? ಎಲ್ಲಿಂದ ಶುರು ಮಾಡಲಿ?’)

ಪ್ರಿಯ ಓದುಗರೇ,

ನಿಮ್ಮ ದೊಡ್ಡಪ್ಪನವರಿಗೆ ಬೇಜಾರಾಗಬಹುದು. ಆದರೂ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಆ ಕಾಗದ ಏಳುನೂರು ವರ್ಷದ್ದಲ್ಲ. ಫಸಲಿ ಅಂದರೆ ಕಂದಾಯದ ವರ್ಷ. ಮೊಗಲರ ಕಾಲದಲ್ಲಿ ಸುಗ್ಗಿಯ ಲೆಕ್ಕಕ್ಕೆ ಹುಟ್ಟಿದ್ದು, ಬ್ರಿಟಿಷರೂ ಅದನ್ನೇ ಮುಂದುವರಿಸಿದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಜುಲೈ 1ಕ್ಕೆ ಫಸಲಿ ಶುರು. 1302ಕ್ಕೆ 590 ಕೂಡಿಸಿ, 1892–93 ಬರುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಕಾಗದದ ತಲೆಯ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರ ಮಸುಕಾಗಿ ಕಾಣುತ್ತಿದೆ. ಕ್ರಿ.ಶ. 1302ರಲ್ಲಿ ದೋರಸಮುದ್ರದಲ್ಲಿ ಆಳುತ್ತಿದ್ದವನು ಹೊಯ್ಸಳ ದೊರೆ ಮೂರನೇ ಬಲ್ಲಾಳ. ಅವನ ಆಸ್ಥಾನದಲ್ಲಿ ಈ ರಾಣಿಯಮ್ಮನಿಗೆ ಏನು ಕೆಲಸ ಹೇಳಿ!

ಹಾಗಂತ ಕಾಗದವನ್ನು ಮಡಚಿ ಟ್ರಂಕಿಗೆ ಹಾಕಬೇಡಿ. ಅದರಲ್ಲಿ ಊರಿನ ಹೆಸರಿದೆ, ವರ್ಷ ಇದೆ. ಜಾಸ್ತಿ ಜನ ನಮಗೆ ಬರೆಯುವುದು ಬರೀ ಒಂದು ಹೆಸರು ಇಟ್ಟುಕೊಂಡು. ಬರೀ ಹೆಸರಿನಿಂದ ಏನೂ ಆಗುವುದಿಲ್ಲ. ನಮ್ಮ ಕಡೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಒಂದೇ ಬೀದಿಯಲ್ಲಿ ನಾಲ್ಕು ತಿಪ್ಪಣ್ಣ, ಐದು ಹನುಮಂತಪ್ಪ ಇರುತ್ತಾರೆ. ಊರು ಗೊತ್ತಿದ್ದರೆ ಮಾತ್ರ ನಿಮ್ಮ ತಿಪ್ಪಣ್ಣ ಯಾರು ಅಂತ ಬೇರೆ ಮಾಡಬಹುದು.

ಇನ್ನು ಅಜ್ಜಿಯ ಮಾತು. ಧಾತು ಸಂವತ್ಸರ ಅಂದರೆ 1876–77. ಆ ವರ್ಷ ಶುರುವಾದ ಬರ 1878ರವರೆಗೂ ಎಳೆಯಿತು. ಬಳ್ಳಾರಿ ಸೀಮೆ ತೀರಾ ಬಳಲಿದ ಜಾಗಗಳಲ್ಲಿ ಒಂದು. ಪಕ್ಕದ ಮೈಸೂರು ಸಂಸ್ಥಾನದ ಲೆಕ್ಕ ನೋಡಿದರೂ ಸಾಕು: 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಹಾಗಾಗಿ ಅಜ್ಜಿಯ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಒಂದು ತೊಡಕಿದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 1936–37 ಕೂಡ ಧಾತುವೇ. ಅಜ್ಜಿ ಈ ಮಾತನ್ನು ಯಾರ ಬಾಯಿಂದ ಕೇಳಿದ್ದರು, ಅವರತ್ತೆಯಿಂದಲೋ ತಾಯಿಯಿಂದಲೋ, ಅದನ್ನು ಮನೆಯ ಹಿರಿಯರಲ್ಲಿ ವಿಚಾರಿಸಿ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಬರದಲ್ಲಿ ಊರು ಬಿಟ್ಟವರ ಹತ್ತಿರ, 16 ವರ್ಷ ಆದಮೇಲೆ, ಅದೇ ಊರಿನ ಕಾಗದ ಹೇಗೆ ಬಂತು? ಅರ್ಧ ಮನೆಯವರು ಅಲ್ಲೇ ಉಳಿದಿದ್ದರೋ? ಬರ ಮುಗಿದ ಮೇಲೆ ವಾಪಸ್ ಹೋಗಿ ಬೇಸಾಯ ಮಾಡಿ, ಸಾಕಾಗಿ 1892ರಲ್ಲಿ ಹೊಲ ಮಾರಿ ಬಂದರೋ? ಇಲ್ಲಾ ಸಾಲಕ್ಕೆ ಅಡವು ಇಟ್ಟರೋ? ನಿಮ್ಮ ಮನೆಯ ನಿಜವಾದ ಕಥೆ ಈ 16 ವರ್ಷದಲ್ಲಿದೆ ಅಂತ ನನ್ನ ಅನಿಸಿಕೆ. ಪಾಳೇಗಾರಿಕೆಗಿಂತ ಇದು ಎಷ್ಟೋ ಚೆನ್ನಾಗಿದೆ, ಅಲ್ವಾ?

ಅದಕ್ಕೆ ಮೊದಲು ಕಾಗದವನ್ನು ಓದಿಸಿ. ಇದು ಕನ್ನಡವೇ, ಕೈ ಎತ್ತದೆ ಎಳೆದು ಬರೆದ ಮೋಡಿ ಅಕ್ಷರ. ತಾಲ್ಲೂಕು ಕಚೇರಿಯ ಸುತ್ತಮುತ್ತ ಕೂರುವ ವಯಸ್ಸಾದ ಪತ್ರ ಬರಹಗಾರರು, ನಿವೃತ್ತ ಶಿರಸ್ತೇದಾರರು ಇದನ್ನು ಸಲೀಸಾಗಿ ಓದುತ್ತಾರೆ. ಓದಿಸುವಾಗ ಬರೆದುಕೊಟ್ಟವರ ಹೆಸರಿಗೆ ನಿಲ್ಲಬೇಡಿ. ಚಕ್ಕುಬಂದಿ ಪೂರ್ತಿ ಬರೆದುಕೊಳ್ಳಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗುಡಿ ಮಾನ್ಯ (ಗುಡಿಗೆ ಬಿಟ್ಟ ಹೊಲ), ಹೀಗೆ ಇರುತ್ತದೆ. ನಿಮ್ಮವರು ಊರು ಬಿಟ್ಟಿರಬಹುದು. ಪಕ್ಕದ ಹೊಲದವರ ಮರಿಮಕ್ಕಳು ಅಲ್ಲೇ ಇರುತ್ತಾರೆ. ಹಳ್ಳವಂತೂ ಎಲ್ಲಿಗೂ ಹೋಗಿರುವುದಿಲ್ಲ. ಕೊನೆಯಲ್ಲಿ ಸಾಕ್ಷಿಗಳು, ಬಿಕ್ಕಲಂ ಹಾಕಿದವರ ಹೆಸರು ಬರುತ್ತದೆ. ಬಿಕ್ಕಲಂ ಅಂದರೆ ಪತ್ರ ಬರೆದವನ ರುಜು. ಹಳ್ಳಿಗಳಲ್ಲಿ ಅದು ಎಷ್ಟೋ ಸಲ ಆ ಊರಿನ ಶಾನುಭೋಗರೇ.

ಮಜರೆ ಅನ್ನುವ ಪದವನ್ನೂ ಗಮನಿಸಿ. ಮಜರೆ ಅಂದರೆ ದೊಡ್ಡ ಗ್ರಾಮಕ್ಕೆ ಸೇರಿದ ಸಣ್ಣ ಹಳ್ಳಿ. ಅದಕ್ಕೆ ಬೇರೆ ಲೆಕ್ಕ ಇರುವುದಿಲ್ಲ. ಮೂಲ ಗ್ರಾಮದ ಹೆಸರಿನಲ್ಲೇ ಸರ್ವೆ ನಂಬರು ಇರುತ್ತದೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಹೊಸಹಳ್ಳಿ ಅಂತ ಒಂದು ಹೋಬಳಿಯೇ ಇದೆ. ನಕ್ಷೆಯಲ್ಲಿ ಅದನ್ನು ನೋಡಿ ‘ಸಿಕ್ಕಿತು’ ಅಂತ ಬಸ್ಸು ಹತ್ತಬೇಡಿ. ನಿಮ್ಮದು ಮಜರೆ. ಅದರ ಹಿಂದೆ ಮುಂದೆ ಮೂಲ ಗ್ರಾಮದ ಹೆಸರು ಬರೆದಿರಲೇಬೇಕು.

ಈ ಮಾತು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೂ ಹೀಗೆ ಬಸ್ಸು ಹತ್ತಿದವನೇ. ನಮ್ಮ ತಾತ ತಮ್ಮ ಹಿರಿಯರ ಊರು ರಾಂಪುರ ಅನ್ನುತ್ತಿದ್ದರು. ಹತ್ತಿರದ ರಾಂಪುರಕ್ಕೆ ಎರಡು ಬೇಸಿಗೆ ಓಡಾಡಿದೆ. ಅಲ್ಲಿ ಒಬ್ಬರು ಅಟ್ಟದಿಂದ ಕಡತ ಇಳಿಸಿ ತೋರಿಸಿದರು. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆ, ಕಪ್ಪು ಹಲಗೆಯ ಹಾಗೆ ಗಟ್ಟಿ. ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅದರ ಮೇಲೆ ಬಳಪದಲ್ಲಿ ಬರೆದ ಬಿಳಿ ಸಾಲುಗಳು. ಬೆರಳು ತಾಗಿದರೆ ಅಳಿಸಿಹೋಗುತ್ತದೇನೋ ಅನ್ನೋ ಭಯ. ನಮ್ಮ ಮುತ್ತಾತನ ಹೆಸರು ಕಂಡಿತು, ಅವರಪ್ಪನ ಹೆಸರೂ ಹೊಂದಿತು! ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಆಮೇಲೆ ನಮ್ಮತ್ತೆ ಒಂದೇ ಪ್ರಶ್ನೆ ಕೇಳಿದರು: ‘ಆ ಊರಿಂದ ನಮ್ಮ ಮನೆದೇವರ ಗುಡ್ಡ ಕಾಣುತ್ತಾ?’ ಕಾಣುತ್ತಿರಲಿಲ್ಲ. ಕಾಣುವ ರಾಂಪುರ ಇನ್ನೊಂದು ತಾಲ್ಲೂಕಿನಲ್ಲಿತ್ತು. ನಾನು ಖುಷಿಪಟ್ಟಿದ್ದು ಇನ್ಯಾರದೋ ಮುತ್ತಾತನನ್ನು ಕಂಡು.

ನಿಮ್ಮ ಪತ್ರದಲ್ಲಿ ಮನೆದೇವರ ಸುದ್ದಿಯೇ ಇಲ್ಲ. ಬರೆದು ತಿಳಿಸಿ. ಊರು ಬಿಟ್ಟವರು ಹೊಲ ಮಾರುತ್ತಾರೆ, ಮನೆ ಮಾರುತ್ತಾರೆ, ಮಾತಿನ ಧಾಟಿಯನ್ನೂ ಬದಲಾಯಿಸುತ್ತಾರೆ. ಮನೆದೇವರನ್ನು ಮಾತ್ರ ಸುಲಭಕ್ಕೆ ಬದಲಾಯಿಸುವುದಿಲ್ಲ. ನೂರಾರು ಮೈಲಿ ಆಚೆಯ ಒಂದು ಸಣ್ಣ ಗುಡಿಗೆ ಜವಳ ತೆಗೆಸಲು ಹೋಗುವ ಮನೆ ಅಂದರೆ, ಆ ದಾರಿಯಲ್ಲೇ ಅವರು ಬಂದಿರಬೇಕು ಅಂತ ಊಹಿಸಬಹುದು. ಇದು ಪುರಾವೆ ಅಲ್ಲ, ದಿಕ್ಕು ಅಷ್ಟೇ.

ಈಗ ಜಿಲ್ಲೆಯ ವಿಷಯ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 1892ರ ಬಳ್ಳಾರಿ ಜಿಲ್ಲೆ ಇವತ್ತಿನದ್ದಲ್ಲ. ಅನಂತಪುರ 1882ರಲ್ಲೇ ಬೇರೆ ಜಿಲ್ಲೆಯಾಗಿತ್ತು. ಆದವಾನಿ, ಆಲೂರು, ರಾಯದುರ್ಗ ಬಳ್ಳಾರಿಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆ ಮೂರು ತಾಲ್ಲೂಕು ಆಂಧ್ರಕ್ಕೆ ಹೋದವು, ಉಳಿದ ಬಹುಪಾಲು ಮೈಸೂರು ರಾಜ್ಯಕ್ಕೆ ಬಂತು. ಅಂದರೆ ನಿಮ್ಮ ಹೊಸಹಳ್ಳಿ ಇವತ್ತು ಆಂಧ್ರದಲ್ಲೂ ಇರಬಹುದು. ಹರಪನಹಳ್ಳಿ ಕಡೆಯದಾದರೆ ಇನ್ನೂ ತಮಾಷೆ. ಆ ತಾಲ್ಲೂಕು 1997ರಲ್ಲಿ ನಿಮ್ಮ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಊರು ಇದ್ದಲ್ಲೇ ಇದೆ, ಫೈಲು ಮಾತ್ರ ಊರೂರು ಅಲೆದಿದೆ.

ಆದ್ದರಿಂದ ‘ನಮ್ಮ ಊರು ಈಗ ಯಾವ ಜಿಲ್ಲೆ’ ಅನ್ನುವುದರ ಜೊತೆಗೆ ‘ಆಗ ಯಾರ ಆಳ್ವಿಕೆ’ ಅಂತಲೂ ಕೇಳಿ. ಬಳ್ಳಾರಿಯ ಹಳೆಯ ಕಂದಾಯ, ಇನಾಮು ದಾಖಲೆಗಳಿಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲೂ ಹುಡುಕಬೇಕು. ಬೇರೆ ಓದುಗರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ: ಧಾರವಾಡ, ಬೆಳಗಾವಿ, ಕಾರವಾರದವರಿಗೆ ಮುಂಬೈ, ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದು, ಹಳೆ ಮೈಸೂರಿನವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಭಾಷೆಯೂ ಆಯಾ ಆಳ್ವಿಕೆಯದೇ. ಮುಂಬೈ ಕಡೆಯ ಹಳೆಯ ಕಾಗದ ಎಷ್ಟೋ ಸಲ ಮೋಡಿ ಲಿಪಿಯ ಮರಾಠಿ (ನಿಮ್ಮ ಕಾಗದದ ಕನ್ನಡ ಮೋಡಿ ಬೇರೆ, ಇದು ಬೇರೆ), ನಿಜಾಮರ ಕಡೆಯದು ಪಾರ್ಸಿ ಇಲ್ಲವೇ ಉರ್ದು.

ಓದುವುದಕ್ಕಾದರೆ ಬಳ್ಳಾರಿಗೆ ಎರಡು ಒಳ್ಳೆಯ ಪುಸ್ತಕಗಳಿವೆ. ಕೆಲ್ಸಾಲ್ ಬರೆದ 1872ರ ಜಿಲ್ಲಾ ಮ್ಯಾನ್ಯುಯಲ್ ಬರಕ್ಕೆ ಮುಂಚಿನದು. ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಗೆಜೆಟಿಯರ್ ಬರದ ನಂತರದ್ದು. ನಿಮ್ಮ 16 ವರ್ಷ ಇವೆರಡರ ನಡುವೆ ಬೀಳುತ್ತದೆ. ನಿಮ್ಮ ಮುತ್ತಜ್ಜನ ಹೆಸರು ಇವುಗಳಲ್ಲಿ ಸಿಗುವುದಿಲ್ಲ. ಯಾವ ಸೀಮೆಗೆ ಮಳೆ ಕೈಕೊಟ್ಟಿತು, ಯಾವ ರಸ್ತೆ, ಯಾವ ರೈಲು ಆಗ ಬಂತು, ಇಂಥ ಸಂಗತಿ ಸಿಗುತ್ತದೆ. ಜನಗಣತಿಯಲ್ಲಿ ಹೆಸರು ಹುಡುಕಲು ಹೋಗಬೇಡಿ, ಅಲ್ಲಿ ಕೈಗೆ ಸಿಗುವುದು ಬರೀ ಲೆಕ್ಕ, ಹೆಸರಲ್ಲ.

ಇಷ್ಟೆಲ್ಲ ಮಾಡಿಯೂ ಊರು ನಕ್ಷೆಯಲ್ಲಿ ಕಾಣದೇ ಹೋಗಬಹುದು. ಆಗ ಕಂದಾಯದ ಪಟ್ಟಿಯಲ್ಲಿ ಗ್ರಾಮದ ಹೆಸರಿನ ಮುಂದೆ ‘ಬೇಚರಾಕ್’ ಅಂತ ಇದೆಯೇ ನೋಡಿ. ದೀಪ ಇಲ್ಲದ್ದು ಅಂತ ಅದರ ಅರ್ಥ. ಸಂಜೆ ದೀಪ ಹಚ್ಚುವವರು ಯಾರೂ ಉಳಿದಿಲ್ಲದ ಊರು. ಹೊಲಗಳಿಗೆ ಸರ್ವೆ ನಂಬರು ಇರುತ್ತದೆ, ಮನೆ ಇರುವುದಿಲ್ಲ. ಬರ, ಪ್ಲೇಗು ಹಾದುಹೋದ ಸೀಮೆಗಳಲ್ಲಿ ಇಂಥ ಊರುಗಳಿವೆ. ಇನ್ನೊಂದು ಸಾಧ್ಯತೆ ನೀರು. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಕಡೆಯ ಎಷ್ಟೋ ಊರು ಮುಳುಗಿವೆ. ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ಅಂಥ ಕಡೆ ಹಳೇ ಊರಿನ ಕೇರಿ ಕೇರಿಯನ್ನೂ ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ. ಅವರಿದ್ದಾಗಲೇ ಹೋಗಿ.

ಹೆಳವರು ನಿಮ್ಮ ಮನೆಗೆ ಬರುತ್ತಿದ್ದರೇ? ಎತ್ತಿನ ಮೇಲೆ ಬಂದು, ಮನೆಮುಂದೆ ನಿಂತು ವಂಶ ಹೇಳುವವರು. ಚಿಕ್ಕವನಿದ್ದಾಗ ನಮ್ಮ ತಾಯಿಯ ತವರಿನಲ್ಲಿ ಒಮ್ಮೆ ಕೇಳಿದ್ದೇನೆ. ಆತ ಗಂಡಸರ ಹೆಸರು ಹೇಳುತ್ತಾ ಹೋದ, ಎಲ್ಲರೂ ತಲೆಯಾಡಿಸುತ್ತಿದ್ದರು. ಮಧ್ಯೆ ಯಾವ ಊರಿಂದ ಯಾವ ಊರಿಗೆ ಬಂದರು ಅಂತಲೂ ಹೇಳಿದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಕಾಳು ಹಾಕಿ ಕಳಿಸಿದರು. ನಿಮ್ಮ ಕಡೆ ಬರುವುದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೊಗಳಿಕೆ ಭಾಗವನ್ನು ಸ್ವಲ್ಪ ಪಕ್ಕಕ್ಕಿಡಿ, ಊರುಗಳ ಹೆಸರನ್ನು ಮಾತ್ರ ಬಿಡಬೇಡಿ. ಹೆಂಗಸರ ಹೆಸರು ಅವರ ಪಟ್ಟಿಯಲ್ಲಿ ಸಿಗುವುದು ಕಷ್ಟ. ಅದಕ್ಕೆ ವಿಧವೆಯರು ಹೆಬ್ಬೆಟ್ಟು ಒತ್ತಿದ ಕ್ರಯಪತ್ರ, ದಾನಪತ್ರಗಳೇ ಗತಿ.

ಪಾಳೇಗಾರರ ಮಾತು ಕೊನೆಗೆ ಇಟ್ಟುಕೊಂಡಿದ್ದೆ. ನಮಗೆ ಬರುವ ಇಂಥ ಪತ್ರಗಳಲ್ಲಿ ಅರ್ಧದಷ್ಟು ಜನ ವಿಜಯನಗರ ಬಿದ್ದಾಗ ಹಂಪಿಯಿಂದ ಬಂದವರೇ. ಎಲ್ಲರೂ ಹಂಪಿಯವರಾದರೆ ಉಳಿದ ಊರಲ್ಲಿ ಉತ್ತವರು ಯಾರು? ನಿಮ್ಮ ಸೀಮೆಯಲ್ಲಿ ಪಾಳೇಗಾರರು ಇದ್ದದ್ದು ನಿಜ. 1800ರಲ್ಲಿ ನಿಜಾಮರು ಆ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಅಲ್ಲಿ ಕಲೆಕ್ಟರ್ ಆದ. ಪಾಳೇಗಾರರ ಬಗ್ಗೆ 1802ರಲ್ಲಿ ಉದ್ದದ ವರದಿಯನ್ನೇ ಬರೆದ. ಕಂಪನಿಯ ಸರ್ವೆ ಅಧಿಕಾರಿ ಕರ್ನಲ್ ಮೆಕೆಂಜಿ ಬರೆಸಿದ ಕೈಫಿಯತ್ತುಗಳಲ್ಲೂ (ಊರೂರಿನ ಹಳೆಯ ವೃತ್ತಾಂತಗಳು) ಅವರ ಮನೆತನಗಳ ಕಥೆ ಬರುತ್ತದೆ. ಅಂದರೆ ದೊಡ್ಡಪ್ಪನವರ ಮಾತನ್ನು ಪರೀಕ್ಷೆ ಮಾಡಬಹುದು. ಆದರೆ ಮುತ್ತಜ್ಜನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ದುಡ್ಡು ತೆಗೆದುಕೊಂಡು ಬರೆದುಕೊಡುವವರು ಮೇಲಿನ ಮೆಟ್ಟಿಲಿಂದ ಕೆಳಗೆ ಇಳಿಯುತ್ತಾರೆ. ರಾಜ ಮೊದಲು, ನೀವು ಕೊನೆಗೆ. ನಡುವಿನ ಮೆಟ್ಟಿಲು ಸುಮ್ನೆ ಕಟ್ಟಿದ್ದು. ಆ ದುಡ್ಡಿನಲ್ಲಿ ಚೆನ್ನೈಗೆ ಹೋಗಿ ಬನ್ನಿ.

ಅದಕ್ಕೂ ಮೊದಲು ಒಂದು ಕೆಲಸ. ನೀವು ಕಾಗದದ ಮುಂಬದಿಯ ಫೋಟೋ ಮಾತ್ರ ಕಳಿಸಿದ್ದೀರಿ. ನೋಂದಣಿಯಾದ ಪತ್ರವಾದರೆ ಹಿಂದುಗಡೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರು, ಪತ್ರದ ನಂಬರು, ಪುಸ್ತಕದ ಪುಟ ಇರುತ್ತದೆ. ಮೊಹರಿನಲ್ಲಿ ಕಚೇರಿ ಇದ್ದ ಊರಿನ ಹೆಸರು ಇದ್ದೇ ಇರುತ್ತದೆ. ಅದು ಕೂಡ್ಲಿಗಿಯೋ, ಹರಪನಹಳ್ಳಿಯೋ, ಆದವಾನಿಯೋ ಗೊತ್ತಾದರೆ ನೂರಾರು ಹೊಸಹಳ್ಳಿಗಳಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ಕಾಗದ ತಿರುಗಿಸಿ, ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆದು ಕಳಿಸಿ. ಮಡಿಕೆ ಬಿಚ್ಚುವಾಗ ಹುಷಾರು.

– ಸಂಪಾದಕ