ಬೇಸಿಗೆಯ ಹಾಲು ಮತ್ತು ಹಸುವಿನ ಮೇವು

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಮಿಶ್ರತಳಿ ಹಸುಗಳ ಹಾಲು ಇಳಿಯುತ್ತದೆ. ಹಸುಗಳಿಂದಲೂ ಭೂಮಿ ಬಿಸಿಯಾಗುತ್ತದೆ ಎನ್ನುತ್ತಾರೆ. ಸಣ್ಣ ರೈತರು ಏನು ಮಾಡಬಹುದು?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಎರಡಕ್ಕೂ ಪರಿಹಾರ ಬಹುಮಟ್ಟಿಗೆ ಗೋದಲಿಯಲ್ಲೇ ಇದೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವು ಹುದುಗುವಾಗ ಹುಟ್ಟುವ, ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ತೇಗಿನೊಂದಿಗೆ ಹೊರಬರುತ್ತದೆ. ಬರೀ ಒಣ ರಾಗಿಹುಲ್ಲು ತಿಂದ ಹಸು ಹಾಲು ಕಡಿಮೆ ಕೊಡುವುದರಿಂದ ಪ್ರತಿ ಲೀಟರಿನ ಲೆಕ್ಕದಲ್ಲಿ ಮೀಥೇನ್ ಪಾಲು ಹೆಚ್ಚುತ್ತದೆ. ಅದೇ ಹುಲ್ಲನ್ನು ಕತ್ತರಿಸಿ, ಅಲಸಂದೆ ಅಥವಾ ಕುದುರೆಮಸಾಲೆಯಂಥ ಹಸಿಮೇವು, ಹಿಂಡಿ ಮತ್ತು ಖನಿಜ ಮಿಶ್ರಣವನ್ನು ಹದವರಿತು ಸೇರಿಸಿದರೆ ಹಾಲು ಏರಿ, ಪ್ರತಿ ಲೀಟರಿನ ಮೀಥೇನ್ ಹೊರೆ ಇಳಿಯುತ್ತದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಸಮತೋಲಿತ ಆಹಾರ ಕಾರ್ಯಕ್ರಮ ನಿಂತಿರುವುದು ಈ ತತ್ತ್ವದ ಮೇಲೆಯೇ. ರೈತನಿಗೂ ಲಾಭವಿರುವ ಈ ದಾರಿಯನ್ನೇ ಮೊದಲು ಹಿಡಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬಿಸಿಲಿನ ದಿನಗಳಲ್ಲಿ ಹೆಚ್ಚಿನ ಮೇವನ್ನು ಮುಂಜಾನೆ ಮತ್ತು ರಾತ್ರಿ ಹಾಕಿ, ತಗಡಿನ ಮಾಡಿಗೆ ತೆಂಗಿನ ಗರಿ ಹೊದಿಸಿ, ಹಗಲೆಲ್ಲ ತಣ್ಣೀರು ಸಿಗುವಂತೆ ನೋಡಿಕೊಳ್ಳಿ.