ಹನ್ನೊಂದನೇ ಅಂಗಿಯ ತೋಳು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರಿಗೆ 38 ವರ್ಷ. ಶಾಲೆಯಲ್ಲಿ ಟೀಚರ್. ಮೂವರು ತಮ್ಮಂದಿರ ಅಕ್ಕ. ಐದನೇ ಕ್ಲಾಸಿನ ಮಕ್ಕಳಿಗೆ ಕಥೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರಂತೆ. ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಆ ನಾಚಿಕೆಗೆ.

ಕಥೆ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದದ್ದು, 1838ರ 'ಕಾಡು ಹಂಸಗಳು'. ಮಲತಾಯಿ ಹನ್ನೊಂದು ರಾಜಕುಮಾರರನ್ನು ಹಂಸ ಮಾಡುತ್ತಾಳೆ. ಅವರು ಮತ್ತೆ ಮನುಷ್ಯರಾಗಲು ತಂಗಿ ಎಲೀಸಾ ತುರಿಕೆ ಗಿಡ ಕಿತ್ತು, ಬರಿಗಾಲಲ್ಲಿ ತುಳಿದು, ಆ ನಾರಿನಿಂದ ಹನ್ನೊಂದು ಅಂಗಿ ಹೆಣೆಯಬೇಕು. ಮುಗಿಯುವವರೆಗೆ ಮಾತಾಡುವಂತಿಲ್ಲ. ಆಡಿದ ಮೊದಲ ಮಾತೇ ಅಣ್ಣಂದಿರ ಎದೆಗೆ ಚೂರಿ. ಮಾಟಗಾತಿ ಎಂದು ಸುಡಲು ಬಂಡಿಯಲ್ಲಿ ಒಯ್ಯುವಾಗಲೂ ಅವಳು ಹೆಣೆಯುತ್ತಲೇ ಇರುತ್ತಾಳೆ. ಕೊನೆಯ ಅಂಗಿಗೆ ಒಂದು ತೋಳು ಬಾಕಿ ಉಳಿಯುತ್ತದೆ. ಹಾಗಾಗಿ ಕಿರಿಯವನಿಗೆ ಒಂದು ಕೈ ಜಾಗದಲ್ಲಿ ರೆಕ್ಕೆ.

ಇವರು ಅತ್ತದ್ದು ಆ ತೋಳಿಗೆ. ಅಪ್ಪ ತೀರಿಕೊಂಡಾಗ ಇವರಿಗೆ 19. ಇಬ್ಬರು ತಮ್ಮಂದಿರು ದಡ ಸೇರಿದರು. ಕಿರಿಯವನು ಓದು ಬಿಟ್ಟ, ಸಾಲ ಮಾಡಿಕೊಂಡ. ಆ ಕಂತನ್ನು ಅಕ್ಕ ಗುಟ್ಟಾಗಿ ಕಟ್ಟುತ್ತಿದ್ದಾರೆ. "ಉಳಿದವರಿಗೆ ಹೇಳಿದ್ರೆ ಮನೆ ಒಡೆದು ಹೋಗುತ್ತೆ ಮೇಡಂ. ನಾನೇ ಅವನನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ."

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. "ಇಷ್ಟು ತ್ಯಾಗ ಯಾಕೆ? ಸ್ವಲ್ಪ ನಿಮಗಾಗಿಯೂ ಬದುಕಿ" ಎಂದೆ. ಎಲ್ಲರೂ ಹೇಳುವ ಮಾತು. ಮೂರು ವಾರ ಅವರು ಬರಲಿಲ್ಲ. ಹತ್ತೊಂಬತ್ತು ವರ್ಷದ ದುಡಿಮೆಯನ್ನು ಒಂದೇ ಸಾಲಿನಲ್ಲಿ ಸುಮ್ನೆ ದಂಡ ಅಂದಂತೆ ಆಗಿತ್ತು, ಅಲ್ವಾ?

ಮತ್ತೆ ಬಂದಾಗ ಕಥೆಯನ್ನೇ ಜೊತೆಯಲ್ಲಿ ಓದಿದೆವು. ನಿಜ ಹೇಳಬೇಕೆಂದರೆ ನನಗೆ ಈ ಕಥೆಯ ಮೇಲೆ ಸಿಟ್ಟಿದೆ. ಬಾಯಿ ಮುಚ್ಚಿಕೊಂಡು ನೋವು ತಿಂದ ಹುಡುಗಿಗೆ ಕೊನೆಯಲ್ಲಿ ಹೂಮಳೆ ಸುರಿಸುವ ಕಥೆಗಳು ನಮ್ಮಲ್ಲೇ ಜಾಸ್ತಿ ಇವೆ. ಆದರೆ ನಿಧಾನವಾಗಿ ಓದಿದರೆ ಇದರಲ್ಲಿ ಬೇರೆಯದೂ ಇದೆ.

ಮೌನಕ್ಕೆ ಒಂದು ಗಡುವಿದೆ. ಅಂಗಿಗಳನ್ನು ಹಂಸಗಳ ಮೇಲೆ ಎಸೆದ ಕೂಡಲೇ ಎಲೀಸಾ ಮಾತಾಡುತ್ತಾಳೆ: ತಾನು ನಿರಪರಾಧಿ ಎನ್ನುತ್ತಾಳೆ. ತೋಳು ಬಾಕಿ ಇದ್ದಾಗಲೇ ಹೇಳುತ್ತಾಳೆ, ಅದನ್ನು ಗಮನಿಸಿ ಎಂದೆ. ಅಷ್ಟು ಹೇಳಿ ಅವಳು ಮೂರ್ಛೆ ಹೋಗುತ್ತಾಳೆ. ನಡೆದದ್ದನ್ನೆಲ್ಲ ಜನರಿಗೆ ಹೇಳುವವನು ದೊಡ್ಡಣ್ಣ. ಅದಕ್ಕೂ ಮೊದಲು ಗುಹೆಯಲ್ಲಿ, ತುರಿಕೆ ಗಿಡದಿಂದ ಸುಟ್ಟ ಅವಳ ಕೈ ನೋಡಿ ಅಳುವವನು ಕಿರಿಯ. ಅವನ ಕಣ್ಣೀರು ಬಿದ್ದ ಕಡೆ ಬೊಬ್ಬೆ ಮಾಯ. ಅಂದರೆ ರೆಕ್ಕೆಯವನೇ ಅವಳನ್ನು ನೋಡಿಕೊಂಡವನು ಕೂಡ.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ 'ಆರು ಹಂಸಗಳು' ಕಥೆಯಲ್ಲೂ ಕೊನೆಯ ಅಂಗಿಗೆ ಒಂದು ತೋಳಿಲ್ಲ. ಬೇಕಿದ್ದರೆ ಕಥೆಗಾರರು ಒಂದು ಸಾಲಿನಲ್ಲಿ ಆ ತೋಳು ಹೊಲಿದುಬಿಡಬಹುದಿತ್ತು. ಅಲ್ಲೂ ಹೊಲಿಯಲಿಲ್ಲ, ಇಲ್ಲೂ ಹೊಲಿಯಲಿಲ್ಲ. ಅದಕ್ಕಾಗಿ ತಂಗಿಯನ್ನು ಯಾರೂ ಬೈಯುವುದೂ ಇಲ್ಲ.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನನ್ನ ಅಂಗಿ ಮುಗಿದು ಎಷ್ಟು ವರ್ಷ ಆಯ್ತು?" ಕಿರಿಯವನಿಗೇ ಈಗ 30.

ಕೊಟ್ಟ ಸಲಹೆ ಇಷ್ಟೇ. ಮೊದಲು ಕಿರಿಯವನನ್ನೇ ಕೇಳಿ, ಓದು ಯಾಕೆ ಬಿಟ್ಟೆ ಅಂತ. ಇಷ್ಟು ವರ್ಷ ಇವರು ಊಹಿಸಿಕೊಂಡಿದ್ದರೇ ಹೊರತು ಕೇಳಿರಲಿಲ್ಲ. ಸಾಲದ ವಿಷಯ ಉಳಿದವರಿಗೆ ತಿಳಿಸುತ್ತೇನೆ ಎಂದು ಅವನಿಗೆ ಮೊದಲೇ ಹೇಳಿ. ಆಮೇಲೆ ಕಂತಿನ ಲೆಕ್ಕ ಹಾಳೆಯಲ್ಲಿ ಬರೆದು ಇಬ್ಬರ ಮುಂದೆ ಇಡಿ. ದೂರು ಬೇಡ, ಲೆಕ್ಕ ಮಾತ್ರ.

ಕಿರಿಯವನು ನಕ್ಕನಂತೆ. "ನನಗೆ ಆ ಕೋರ್ಸೇ ಇಷ್ಟ ಇರ್ಲಿಲ್ಲ ಅಕ್ಕಾ. ನೀನ್ಯಾಕೆ ತಲೆ ಮೇಲೆ ಹೊತ್ಕೊಂಡೆ?" ದೊಡ್ಡ ತಮ್ಮ ಅರ್ಧ ಕಂತು ಕಟ್ಟಲು ಒಪ್ಪಿದ್ದಾನೆ. ನಡುವಿನವನು ಸಿಟ್ಟಾಗಿದ್ದಾನೆ, ಫೋನ್ ಎತ್ತುತ್ತಿಲ್ಲ. ಮುಂದಿನ ಭೇಟಿ ಅವನ ಬಗ್ಗೆ.